ಉಚ್ಚೆಂಗಮ್ಮನ ಬಿಳಿ ಕುದುರೆ

ಸಂಡೂರು ರಸ್ತೆ ಪಕ್ಕದ ಆ ಓಣಿಯಲ್ಲಿ ಉಚ್ಚೆಂಗಮ್ಮನಷ್ಟು ಹೇಸಿಕೊಳ್ಳುವ ಹೆಂಗಸು ಇನ್ನೊಬ್ಬಳಿರಲಿಲ್ಲ. ಹೇಸದೆ ಏನು ಮಾಡ್ಯಾಳು? ಅದಿರಿನ ಲಾರಿಗಳು ಹೊಸಪೇಟೆಯೊಳಗೆ ಬಾಲಕ್ಕೆ ಮೂತಿ ಹಚ್ಚಿ ಓಡುತ್ತಿದ್ದ ಕಾಲ ಅದು. ಚೀನಾದವರಿಗೆ ನಮ್ಮ ಗುಡ್ಡ ಬೇಕಾಗಿತ್ತಂತೆ. ಗುಡ್ಡ ಅವರಿಗೆ, ರೊಕ್ಕ ಗಣಿ ಸಾವ್ಕಾರರಿಗೆ, ಧೂಳು ನಮಗೆ! ಕೊಡದೊಳಗಿನ ನೀರು ಕೆಂಪು, ಒಣಹಾಕಿದ ಸೀರೆ ಕೆಂಪು, ಕೆಮ್ಮಿ ಉಗುಳಿದರೆ ಅದೂ ಕೆಂಪು. "ಥೂ, ಇವರ ರೊಕ್ಕಕ್ಕ ಬೆಂಕಿ ಬೀಳ್ಲಿ" ಎಂದು ಬೈಯುತ್ತ ದಿನಾ ಮುಂಜಾನೆ ಹೊಸ್ತಿಲ ಮುಂದಿನ ಧೂಳನ್ನು ಬುಟ್ಟಿ ತುಂಬ ಬಳಿದು ಚೆಲ್ಲಿ ಬರುವಳು.

ಗಂಡ ಪಂಪಣ್ಣ ಜಟಕಾ ಹೊಡೆಯುತ್ತಿದ್ದ. ಹಾಸಿಗೆ ಹಿಡಿದು ಬಹಳ ದಿನ ನರಳಿ ಹೋದ. ಅಷ್ಟೂ ದಿನ ಅವನ ಬಿಳಿ ಹೆಣ್ಣುಕುದುರೆ ಮಲ್ಲಿ ಗೂಟದಲ್ಲೇ ನಿಂತಿತ್ತು. ಮೊದಲೇ ವಯಸ್ಸಾದ ಜೀವ. ಹೊಟ್ಟೆ ಜೋತುಬಿದ್ದು, ತೊಡೆ ಸೊರಗಿ, ಕಾಲು ಬಾತಿದ್ದವು. "ಮಾರಿಬಿಡವ್ವ, ಕೂಳು ದಂಡ" ಅಂದರು ಓಣಿಯವರು. "ಮೊದ್ಲು ನಿಮ್ಮತ್ತೀನ ಮಾರ್ರಿ" ಅಂದಳು ಇವಳು.

ನಿಂತ ಕುದುರೆಯನ್ನು ಒಮ್ಮೆಲೆ ಓಡಿಸಬಾರದು ಎಂದು ಪಂಪಣ್ಣ ಹೇಳುತ್ತಿದ್ದ. ಅದಕ್ಕೇ ಹಗ್ಗ ಹಿಡಿದು ಮೊದಲು ಕಾಲುವೆ ಸೇತುವೆಯ ತನಕ ನಡೆಸಿ ವಾಪಸ್ ಕರೆತಂದಳು. ಡಾಂಬರು ಬಿಟ್ಟು ದಂಡೆಯ ಮೆತ್ತನೆ ಮಣ್ಣಿನ ಮೇಲೆಯೇ ನಡಿಗೆ. ಮಲ್ಲಿ ನಿಂತರೆ ತಾನೂ ನಿಲ್ಲುವಳು. ಮನೆಗೆ ಬಂದ ಮೇಲೆ ಮೊಣಕಾಲಿನ ಮೇಲೆ ಕೈಯಿಟ್ಟು ನೋಡುವಳು. ಬಿಸಿ ಹತ್ತಿದರೆ ಮರುದಿನ ರಜೆ. ನೆನೆಸಿದ ಹುರಳಿಯನ್ನೂ ಹಂಗೇ ಸ್ವಲ್ಪ ಸ್ವಲ್ಪ ಏರಿಸಿದಳು. ಆಮೇಲೆ ಇನ್ನಷ್ಟು ದೂರ, ಆಮೇಲೆ ಮೊಣಕಾಲುದ್ದ ನೀರಿನೊಳಗೆ, ಆಮೇಲೆ ಖಾಲಿ ಜಟಕಾ. ಒಂದು ಸಲ ಸಂತೆಯಿಂದ ಬರುತ್ತಿದ್ದ ಪರಿಚಯದವರು ಹತ್ತಿ ಕೂತರು. ಬ್ಯಾಡ ಅನ್ನಲಾಗದೆ ಎಳೆಸಿದಳು. ಸಂಜೆಗೆ ಕಾಲು ಮತ್ತೆ ಬಾತಿತು. "ಬುದ್ಧಿಗೇಡಿ ನಾನು" ಎಂದು ಹಣೆ ಬಡಿದುಕೊಂಡು, ಮತ್ತೆ ಸೇತುವೆಯಿಂದಲೇ ಶುರುಮಾಡಿದಳು.

ಮಳೆಗಾಲ ಕಳೆಯುವ ಹೊತ್ತಿಗೆ ಮಲ್ಲಿ ಕಿವಿ ನಿಮಿರಿಸಿ ತಾನಾಗಿ ಕುಕ್ಕುಲೋಟ ಹಾಕತೊಡಗಿತು. ದಿನಾ ನಡಿಗೆ ಮುಗಿದ ಮೇಲೆ ಕಾಲುವೆಯಲ್ಲಿ ತಿಕ್ಕಿ ತೊಳೆಯುವಳು. ಇಡೀ ಓಣಿಯಲ್ಲಿ ಬೆಳ್ಳಗಿದ್ದದ್ದು ಅದೊಂದೇ.

ಒಂದು ಸಂಜೆ ಅಳಿಯ ಗಿರೀಶ ಬಂದು ಬಾಗಿಲಲ್ಲೇ ನಿಂತ. ಅದಿರಿನ ಕಂಟ್ರಾಕ್ಟರ್ ಕೊಟ್ರಯ್ಯನ ಟಿಪ್ಪರ್ ಓಡಿಸುವವ.

"ಅತ್ತೀ, ಸಾವ್ಕಾರರ ಮಗನ ಮದುವಿ ಐತಿ ಸಂಡೂರಾಗ. ಮೆರವಣಿಗಿಗೆ ಬಿಳಿ ಕುದುರಿ ಬೇಕಂತ. ಬಾಯಿ ತಪ್ಪಿ ನಮ್ಮ ಮಲ್ಲಿ ಐತಿ ಅಂದುಬಿಟ್ಟೆ. ನಾಳಿ ಮುಂಜಾನಿ ನೋಡಾಕ ಬರ್ತಾರ."

ಹಿಂದಿನ ಬೇಸಿಗೆ ಅದೇ ಓಣಿಯ ಪಕ್ಕೀರಪ್ಪನ ಕುದುರೆ ಇಂಥದ್ದೇ ಮದುವೆಗೆ ಹೋಗಿತ್ತು. ಬಾಯಿಗೆ ಬ್ರಾಂದಿ ಸುರಿದು, ಕಾಲ ಬುಡದಲ್ಲಿ ಪಟಾಕಿ ಹಚ್ಚಿ, ಜಲ್ಲಿ ಮೇಲೆ ಕುಣಿಸಿದ್ದರು. ಟೆಂಪೋದಲ್ಲಿ ಮಲಗಿ ಬಂದದ್ದು ಮತ್ತೆ ಏಳಲಿಲ್ಲ.

"ಕಳಸಂಗಿಲ್ಲ" ಅಂದಳು.

"ಇಲ್ಲ ಅಂದ್ರ ನನ್ನ ಕೆಲ್ಸ ಹೋಗ್ತೈತಿ ಅತ್ತೀ. ನಿಮ್ಮ ಮಗಳು, ಕೂಸು..."

"ಬಾಯಿ ಬಿಟ್ರ ಬಣ್ಣಗೇಡು ಅಂತ ನಿನ್ನ ನೋಡೇ ಹೇಳಿರ್ಬೇಕು. ನಡಿ ಆಚಿಗೆ!"

ಮುಂಜಾನೆ ಎಂದಿನಂತೆ ಧೂಳು ಬಳಿದಳು. ಚೆಲ್ಲಲು ಬುಟ್ಟಿ ಎತ್ತಿದವಳು ಹಂಗೇ ನಿಂತಳು. ಮಲ್ಲಿಯನ್ನು ನೋಡಿದಳು. ಬಕೆಟ್ ನೀರು ತಂದು ಅದರ ಮೈಗೆ ಚಿಮುಕಿಸಿ, ಆ ಹೊಲಸನ್ನು ಹಿಡಿ ಹಿಡಿಯಾಗಿ ತೆಗೆದು ಕುತ್ತಿಗೆಗೆ, ಬೆನ್ನಿಗೆ, ಕೇಸರಕ್ಕೆ, ಕಣ್ಣಿನ ಸುತ್ತ ತಿಕ್ಕಿದಳು. ತಿಕ್ಕುವಾಗ ಅವಳಿಗೆ ವಾಕರಿಕೆ ಬಂತು. ಮಲ್ಲಿ ತಲೆ ಕೊಡವಿ ಅವಳನ್ನೇ ನೋಡಿತು. "ನೋಡಬ್ಯಾಡ ನನ್ನವ್ವ" ಅಂದಳು.

ಕೊಟ್ರಯ್ಯ ಬಿಳಿ ಕಾರಿನಿಂದ ಇಳಿದ. ಹಿಂದೆ ಗಿರೀಶ. "ಏನಲೇ ಗಿರ್ಯಾ, ಇದು ಕೆಂಪೈತಲ್ಲ!"

"ಹುಟ್ಟಿದ್ದೇ ಕೆಂದು ಬಣ್ಣರೀ ಸಾವ್ಕಾರ್ರ" ಅಂದಳು ಉಚ್ಚೆಂಗಮ್ಮ. "ಅಳಿಯ ಮಬ್ಬುಗತ್ಲಾಗ ನೋಡ್ಯಾನ."

ಗಿರೀಶ ನೆಲ ನೋಡಿದ. ಒಮ್ಮೆಯಾದರೂ ಬಾಯಿ ಮುಚ್ಚಿಕೊಂಡಿದ್ದ.

ಕೊಟ್ರಯ್ಯ ಹತ್ತಿರ ಬಂದು ಮಲ್ಲಿಯ ಕುತ್ತಿಗೆ ಸವರಿದ. ಅವನ ಅಂಗೈ ಪೂರಾ ಕೆಂಪಾಗಿತ್ತು. ಅವನು ಅದನ್ನು ನೋಡಿದ. ದಿನಾ ಮಾಡುವಂತೆ ಕರ್ಚೀಫಿನಿಂದ ಒರೆಸಿಕೊಂಡ. ಕೈಗೆ ಕೆಂಪು ಹತ್ತುವುದು ಅವನಿಗೆ ಹೊಸದಲ್ಲ.

"ದಂಡ ಆತು ಬಂದದ್ದು. ಕಣ್ಣು ಟೆಸ್ಟ್ ಮಾಡಿಸ್ಕೊಳ್ಲೇ ಗಿರ್ಯಾ" ಎಂದು ಬೈದು ಕಾರು ಹತ್ತಿದ.

ಕಾರು ಓಣಿ ದಾಟಿತು. ಆಮೇಲೆ ಗಿರೀಶ ಬಕೆಟ್ ಎತ್ತಿಕೊಂಡ. "ಕಾಲುವಿಗೆ ಹೊಡ್ಕೊಂಡು ಹೋಗಿ ತೊಳಿಲೇನತ್ತೀ?"

"ಬ್ಯಾಡ. ಅವ ದಿನಾ ಈ ರಸ್ತೆದಾಗ ಓಡಾಡ್ತಾನ."

ಉಚ್ಚೆಂಗಮ್ಮ ತನ್ನ ಕೆಂಪು ಕೈಗಳನ್ನು ನೋಡಿ "ಥೂ" ಎಂದು ಉಗುಳಿದಳು. ಮತ್ತೆ ಪೊರಕೆ ಹಿಡಿದು, ಹೊಸ್ತಿಲ ಮುಂದೆ ಅಷ್ಟರಲ್ಲೇ ಬಿದ್ದಿದ್ದ ಧೂಳನ್ನು ಬಳಿದಳು. ಬುಟ್ಟಿಯನ್ನು ಚೆಲ್ಲಲಿಲ್ಲ, ನಾಳೆಗೆ ಬೇಕೆಂದು ಒಳಗೆ ಒಯ್ದು ಇಟ್ಟಳು.