ಗಿರಣಿ ಟೀಚರ್‌ಗೆ ಸನ್ಮಾನ

ನನ್ನ ಅತ್ತೆಯನ್ನು ಹೊಗಳುವವರು ಊರು ತುಂಬ ಇದ್ದಾರೆ. ಆ ಕೆಲಸ ಅವರೇ ಮಾಡಿಕೊಳ್ಳಲಿ. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವ ಗಾದೆಯನ್ನು ಮೊದಲು ಹೇಳಿದವರು ಯಾರೋ ಗೊತ್ತಿಲ್ಲ. ಅವರ ಮನೆಯಲ್ಲೂ ಇಂಥ ಒಬ್ಬ ಅತ್ತೆ ಇದ್ದಿರಲೇಬೇಕು.

ನಮ್ಮದು ಹಿಟ್ಟಿನ ಗಿರಣಿ. ಬೀದಿಗೆ ತೆರೆದ ದೊಡ್ಡ ಕೋಣೆಯಲ್ಲಿ ಎರಡು ಯಂತ್ರ, ಒಂದು ಗೋಧಿಗೆ, ಇನ್ನೊಂದು ಜೋಳ ಅಕ್ಕಿಗೆ. ಕಿಟಕಿಯ ಸರಳು, ಕ್ಯಾಲೆಂಡರು, ನನ್ನ ಹುಬ್ಬು, ಎಲ್ಲದರ ಮೇಲೂ ಹಿಟ್ಟು. ಮಾವ ತೀರಿಕೊಂಡಾಗ ಅತ್ತೆಗೆ ಇನ್ನೂ ಸಣ್ಣ ವಯಸ್ಸು. ಸೊಂಟದಲ್ಲಿ ಒಬ್ಬ ಮಗ, ಪಕ್ಕದಲ್ಲಿ ಒಬ್ಬಳು ಮಗಳು. ಗಿರಣಿ ಮಾರಿ ತವರಿಗೆ ಹೋಗು ಎಂದು ಎಲ್ಲರೂ ಬುದ್ಧಿ ಹೇಳಿದರಂತೆ. ಇವರು ಯಾರ ಮಾತು ಕೇಳಿದವರು? ಬೆಲ್ಟ್ ಏರಿಸುವುದು, ಸವೆದ ಬೀಸುವ ಕಲ್ಲಿಗೆ ಉಳಿ ಹಿಡಿದು ಹಲ್ಲು ಹಾಕುವುದು, ಎಲ್ಲವನ್ನೂ ತಾವೇ ಕಲಿತರು. ಗಟ್ಟಿ ಹೆಂಗಸು. ಇಷ್ಟನ್ನು ನಾನೂ ಒಪ್ಪುತ್ತೇನೆ.

ಅತ್ತೆ ಹೈಸ್ಕೂಲಿನವರೆಗೆ ಓದಿದವರು. ಹಿಟ್ಟಿಗೆ ಕಾಯುತ್ತ ಕೂತ ಹೆಂಗಸರ ಹರಟೆ ಅವರಿಗೆ ಆಗುತ್ತಿರಲಿಲ್ಲ. ಒಂದು ದಿನ ಒಬ್ಬಳ ಮುಂದೆ ಚಾಕ್‌ಪೀಸ್ ಎಸೆದು, “ಊರವರ ಮನೆ ಸುದ್ದಿ ಸಾಕು, ಡಬ್ಬದ ಮೇಲೆ ನಿನ್ನ ಹೆಸರು ಬರಿ” ಅಂದರಂತೆ. ಅವಳಿಗೆ ಬರಲಿಲ್ಲ. ಅವಳ ಪಕ್ಕದವಳಿಗೂ ಬರಲಿಲ್ಲ. ಅವತ್ತಿನಿಂದ ಕಾನೂನು ಬಂತು: ತನ್ನ ಹೆಸರನ್ನು ತಾನೇ ಬರೆಯದವಳ ಡಬ್ಬ ಯಂತ್ರದ ಹತ್ತಿರ ಹೋಗುವ ಹಾಗಿಲ್ಲ.

“ಹಿಟ್ಟು ಮಾಡಿಸೋಕೂ ಪರೀಕ್ಷೆನಾ ತಾಯಿ?” ಎಂದು ಹೆಂಗಸರು ಹಿಡಿಶಾಪ ಹಾಕಿದರು. ಆದರೆ ಇನ್ನೊಂದು ಗಿರಣಿ ಇದ್ದದ್ದು ಊರಾಚೆ. ಬೈಸಿಕೊಂಡು, ಅತ್ತು, ಕಲಿತರು. ಹೆಸರಾದ ಮೇಲೆ ಸಾಲು, ಸಾಲಾದ ಮೇಲೆ ಪೇಪರು. ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿ ದಿನಾ ಮಧ್ಯಾಹ್ನ ಪಾಠ ಶುರುವಾಯಿತು. ಆಮೇಲೆ ಅತ್ತೆ ನಮ್ಮ ಗೋದಾಮನ್ನೇ ಸಾರ್ವಜನಿಕ ಗ್ರಂಥಾಲಯಕ್ಕೆ ಬರೆದುಕೊಟ್ಟರು, ಅದಕ್ಕೆ ಕಪಾಟು ಮಾಡಿಸಿದರು, ಪೇಪರು ತರಿಸಿದರು. ಗಿರಣಿ ಟೀಚರ್ ಅಂದರೆ ಊರಲ್ಲಿ ಎದ್ದು ನಿಲ್ಲುತ್ತಾರೆ.

ಸರಿ. ಮಧ್ಯಾಹ್ನ ಟೀಚರ್ ಪಾಠ ಮಾಡುವಾಗ ಗಿರಣಿ ಯಾರು ನೋಡಬೇಕು? ನಾನು.

ನನಗೆ ಒಂದಕ್ಷರವೂ ಬರುತ್ತಿರಲಿಲ್ಲ. ತಮ್ಮಂದಿರನ್ನು ಎತ್ತಿ ಆಡಿಸುವುದರಲ್ಲೇ ನನ್ನ ಬಾಲ್ಯ ಮುಗಿದಿತ್ತು. ಈ ಸಂಬಂಧ ಬಂದಾಗ ಅಮ್ಮ ಹಿಗ್ಗಿದ್ದೇ ಹಿಗ್ಗಿದ್ದು: “ಅತ್ತೇನೇ ಟೀಚರ್ ಅಂತೆ! ನಿನ್ನ ಬಾಳು ಬೆಳಕಾಯ್ತು ಬಿಡು.” ಬಂದ ವಾರದಲ್ಲೇ ನಾನು ಬಾಯಿಬಿಟ್ಟು ಕೇಳಿದೆ. “ನೀನೂ ಚಾಪೆ ಮೇಲೆ ಕೂತ್ರೆ ಗಿರಣಿ ಯಾರು ನೋಡ್ತಾರೆ? ನಾಳೆ ನೋಡೋಣ” ಅಂದರು ಅತ್ತೆ. ರಾತ್ರಿ ಕೇಳಿದರೆ ಸುಸ್ತು, ಬೆಳಿಗ್ಗೆ ಕೇಳಿದರೆ ಕೆಲಸ. ಗಂಡ ಲಾರಿ ಓಡಿಸುತ್ತಾನೆ, ಮನೆಗೆ ಬಂದ ದಿನ ನಿದ್ದೆ. “ಅಮ್ಮನ ಹತ್ರ ನೀನೇ ಮಾತಾಡ್ಕೋ” ಎಂದು ಮಗ್ಗುಲು ಬದಲಿಸಿದ. ನನಗೆ ಮಗಳು ಹುಟ್ಟಿದಳು, ನಡೆದಳು, ಶಾಲೆಗೂ ಸೇರಿದಳು. ಅತ್ತೆಯ ಆ ನಾಳೆ ಮಾತ್ರ ಬರಲಿಲ್ಲ.

ಮಗಳು ಪುಸ್ತಕ ಹಿಡಿದು ಬಂದು, “ಅಮ್ಮ, ಇದೇನು ಹೇಳು” ಅಂದಾಗ, “ಕೈಯೆಲ್ಲ ಹಿಟ್ಟು, ಅಜ್ಜೀನ ಕೇಳು ಹೋಗು” ಅನ್ನುತ್ತಿದ್ದೆ. ಎಷ್ಟು ದಿನ ಹೀಗೆ ನಡೆದೀತು? ಒಂದು ಸಂಜೆ ಅವಳು ನನ್ನ ಕೈ ತೊಳೆಯಲು ಚೊಂಬಿನಲ್ಲಿ ನೀರು ತಂದು ನಿಂತಳು. ಅವತ್ತು ಒಲೆಯ ಮೇಲೆ ಹಾಲು ಉಕ್ಕಿತು ಎಂದು ಸುಳ್ಳು ಹೇಳಿ ಒಳಗೆ ಓಡಿದೆ. ಹೆತ್ತ ಮಗಳಿಗೆ ಹೆದರಿ ಓಡುವ ತಾಯಿ ನಾನೊಬ್ಬಳೇ ಇರಬೇಕು.

ಹಾಗಾದರೆ ಡಬ್ಬಗಳನ್ನು ಹೇಗೆ ಗುರುತಿಸುತ್ತಿದ್ದೆ ಅಂತೀರಾ? ಮೈ ನೋಡಿ. ಮುಚ್ಚಳ ಸೊಟ್ಟಗಿದ್ದರೆ ಬೇಕರಿ ಅಕ್ಕನದು, ಹೊಟ್ಟೆ ತಗ್ಗಾಗಿದ್ದರೆ ದರ್ಜಿ ಹೆಂಗಸಿನದು, ಹಿಡಿಗೆ ಹಗ್ಗ ಸುತ್ತಿದ್ದರೆ ನರ್ಸಮ್ಮನದು. ಚಾಕ್‌ಪೀಸಿನ ಹೆಸರಿನ ಮೇಲೆ ಸುಮ್ಮನೆ ಕಣ್ಣಾಡಿಸಿ, ತುಟಿ ಅಲ್ಲಾಡಿಸಿ, ಡಬ್ಬ ಎತ್ತಿ ಕೊಡುತ್ತಿದ್ದೆ. ಟೀಚರ್ ಸೊಸೆಗೆ ಓದು ಬರುವುದಿಲ್ಲ ಎಂದು ಯಾರ ಕನಸಿನಲ್ಲೂ ಬಂದಿರಲಿಲ್ಲ. ಗೊತ್ತಿದ್ದದ್ದು ನನ್ನ ಗಂಡನಿಗೆ ಮತ್ತು ಅತ್ತೆಗೆ.

ಹೀಗಿರುವಾಗ ಗ್ರಂಥಾಲಯ ಸಮಿತಿಯವರಿಗೆ ದಾನಿಗಳ ನೆನಪಾಯಿತು. ಸಮಿತಿಯ ಅಧ್ಯಕ್ಷರು ಬ್ಯಾಂಕಿನಿಂದ ನಿವೃತ್ತರಾದವರು. ಮೈಕು ಕಂಡರೆ ಅವರಿಗೆ ಊಟ ಬೇಡ. ಭಾನುವಾರ ಓದುವ ಕೋಣೆಯಲ್ಲಿ ಅತ್ತೆಯ ದೊಡ್ಡ ಫೋಟೋ ತೂಗುಹಾಕಿದರು, ಬಾಗಿಲ ಪಕ್ಕ ಅವರ ಹೆಸರು ಕೆತ್ತಿದ ಕಲ್ಲು ನೆಟ್ಟರು, ಅಕ್ಷರ ದಾನಿ, ಮಹಾತಾಯಿ ಎಂದು ಗಂಟಲು ಹರಿಯುವಂತೆ ಹೊಗಳಿದರು. ಕಲಿತ ಹೆಂಗಸರಿಗೆಲ್ಲ ಸಮಿತಿಯ ಕಡೆಯಿಂದ ಒಂದೊಂದು ಹೊಸ ಸ್ಟೀಲ್ ಡಬ್ಬ ಉಡುಗೊರೆ. ಇದೆಲ್ಲ ನಾನು ಕೇಳಿ ತಿಳಿದದ್ದು. ಭಾನುವಾರ ಗಿರಣಿಯಲ್ಲಿ ಜನ ಜಾಸ್ತಿ, ನನ್ನನ್ನು ಯಾರು ಕರೆದರು?

ಸೋಮವಾರ ಮಧ್ಯಾಹ್ನ ಎಲ್ಲರೂ ಹೊಸ ಡಬ್ಬದಲ್ಲೇ ಕಾಳು ತುಂಬಿಕೊಂಡು ಬಂದರು. ಎಲ್ಲವೂ ಒಂದೇ ಅಳತೆ, ಒಂದೇ ಮುಚ್ಚಳ, ಒಂದೇ ಹೊಳಪು. ಸಾಲಿನಲ್ಲಿ ಇಟ್ಟಂತೆಯೇ ಬೀಸಿ, ಅದೇ ಸಾಲಿನಲ್ಲಿ ಇಟ್ಟು, ಹೇಗೋ ಪಾರಾಗುತ್ತಿದ್ದೆ. ಅಷ್ಟರಲ್ಲಿ ಅಧ್ಯಕ್ಷರು ಪೇಪರಿನ ಫೋಟೋದವನನ್ನು ಕರೆದುಕೊಂಡು ಬಂದರು, ಪಾಠಕ್ಕೆ ಕೂತವರನ್ನೂ ಹೊರಗೆ ಕರೆದರು. ಅವನಿಗೆ ಸಾಲು ಹಿಡಿಸಲಿಲ್ಲ. ಡಬ್ಬಗಳನ್ನೆಲ್ಲ ಎತ್ತಿ ಒಂದರ ಮೇಲೊಂದು ಗೋಪುರದ ಹಾಗೆ ಪೇರಿಸಿಬಿಟ್ಟ.

“ಸೊಸೆಯವರು ಒಂದೊಂದೇ ಹೆಸರು ಓದಿ ಕೊಡಲಿ, ಟೀಚರ್ ಪಕ್ಕದಲ್ಲಿ ನಿಂತಿರಲಿ. ಬಹಳ ಚೆನ್ನಾಗಿ ಬರುತ್ತೆ” ಅಂದರು ಅಧ್ಯಕ್ಷರು.

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಗೋಡೆ ನೋಡಿದರು. ಒಂದು ಡಬ್ಬ ಎತ್ತಿ, ದೇವರ ಮೇಲೆ ಭಾರ ಹಾಕಿ, ಬೇಕರಿ ಅಕ್ಕನ ಕೈಗೆ ಕೊಟ್ಟೆ.

“ಇದು ದರ್ಜಿಯವಳದು ಕಣಮ್ಮ! ಹೆಸರು ಇಷ್ಟು ದಪ್ಪ ಇದೆಯಲ್ಲ!”

ಇನ್ನೊಂದು ಎತ್ತಿದೆ. ಅದೂ ತಪ್ಪು. ಹೆಂಗಸರು ನಕ್ಕರು. “ಟೀಚರ್ ಸೊಸೆಗೆ ಫೋಟೋ ಅಂದ್ರೆ ಅಕ್ಷರಾನೇ ಮರೆತುಹೋಯ್ತು ನೋಡ್ರೇ!”

ಅತ್ತೆ ಮುಂದೆ ಬಂದರು. “ಅವಳಿಗೆ ಕಣ್ಣು ಮಂಜು. ಕನ್ನಡಕ ಮಾಡಿಸ್ಬೇಕು” ಅಂದರು. ಎಷ್ಟು ಸಲೀಸಾಗಿ ಅಂದರು! ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು.

“ಕನ್ನಡಕ ಯಾಕೆ ಅತ್ತೆ? ನನಗೆ ಓದೋಕೇ ಬರಲ್ಲ. ಇವರಿಗೆಲ್ಲ ಗೊತ್ತಾಗಲಿ. ನೀವು ಊರಿಗೆಲ್ಲ ಕಲಿಸಿದ್ರಿ, ನನಗೆ ಕಲಿಸಲಿಲ್ಲ.”

ಯಂತ್ರದ ಸದ್ದಿನಲ್ಲಿ ಗುಟ್ಟು ಹೇಳಲೂ ಕೂಗಬೇಕು. ಅಧ್ಯಕ್ಷರು ಫೋಟೋದವನ ಕಿವಿಯಲ್ಲಿ, “ಇದೆಲ್ಲ ಪೇಪರಿಗೆ ಬೇಡಪ್ಪ” ಅಂದದ್ದೂ ಎಲ್ಲರಿಗೂ ಕೇಳಿಸಿತು.

“ಮನೆ ಮಾತು ಬೀದಿಗೆ ತರ್ತೀಯೇನೇ?” ಅತ್ತೆ ಕೈ ಎತ್ತಿಯೇಬಿಟ್ಟರು.

“ಮನೇಲಿ ಕೇಳಿ ಕೇಳಿ ನನ್ನ ಬಾಯಿ ಸವೆದುಹೋಯ್ತು.”

ಬೇಕರಿ ಅಕ್ಕ ಸುಮ್ಮನಿರುವವಳಲ್ಲ. “ಅಲ್ಲ ಟೀಚರ್, ನನಗೆ ಎಮ್ಮೆ, ಕೋಣ ಅಂತೆಲ್ಲ ಬೈದು ಕಲಿಸಿದ್ರಿ. ಇವಳಿಗೆ ಯಾಕೆ ಕಲಿಸಲಿಲ್ಲ?”

“ಗಿರಣಿ ಯಾರು ನೋಡ್ತಿದ್ರು?”

“ಒಂದು ಗಳಿಗೆ ನಿಲ್ಲಿಸಿದ್ರೆ ನಾವೇನು ಹಸಿದು ಸಾಯ್ತಿದ್ವಾ?”

ಅತ್ತೆ ಸಿಡಿದರು. “ಹೌದು, ಕಲಿಸಲಿಲ್ಲ. ಬೇಕು ಅಂತಾನೇ ಕಲಿಸಲಿಲ್ಲ. ನನ್ನ ಮಗಳಿಗೆ ಕಲಿಸಿದ್ದೆ. ಎಲ್ಲರಿಗಿಂತ ಮೊದಲು ಅವಳಿಗೇ ಕಲಿಸಿದ್ದು. ಏನಾಯ್ತು? ಪೇಪರಲ್ಲಿ ಕೆಲಸದ ಜಾಹೀರಾತು ಓದಿದ್ಳು, ಬಟ್ಟೆ ತುಂಬ್ಕೊಂಡು ಹೋದ್ಳು. ತಿರುಗಿ ನೋಡಿದ್ಳಾ? ನೀವೆಲ್ಲ ಕಲಿತು ನಿಮ್ಮ ನಿಮ್ಮ ಮನೆಗೆ ಹೋಗ್ತೀರಿ. ಇವಳೂ ಹೋದ್ರೆ ನನಗೆ ಯಾರಿದ್ದಾರೆ?”

ಅತ್ತಿದ್ದರೆ ನಾನು ಕರಗುತ್ತಿದ್ದೆನೋ ಏನೋ. ಅವರು ಅಳಲಿಲ್ಲ, ನನ್ನನ್ನೇ ದುರುಗುಟ್ಟಿಕೊಂಡು ನೋಡಿದರು, ತಪ್ಪು ನನ್ನದೇ ಎಂಬಂತೆ. “ಅದೂ ಪ್ರೀತಿನೇ ಕಣಮ್ಮ” ಅಂದಳು ಬೇಕರಿ ಅಕ್ಕ ಆಮೇಲೆ. ಇರಬಹುದು. ಕಟ್ಟಿಹಾಕಿದ ಹಸುವಿನ ಮೇಲೂ ಜನರಿಗೆ ಪ್ರೀತಿ ಇರುತ್ತದೆ.

ನಾನು ಹೋಗಿ ಸ್ವಿಚ್ ಇಳಿಸಿದೆ. ಎರಡೂ ಯಂತ್ರ ಗೊರಗೊರ ಎಂದು ನಿಂತವು. ಪಾಠದ ಹೊತ್ತಿನಲ್ಲಿ ನಮ್ಮ ಗಿರಣಿ ನಿಂತದ್ದು ಅದೇ ಮೊದಲು. ಹಿಂದಿನ ಕೋಣೆಗೆ ನಡೆದು, ಚಾಪೆಯ ಮೇಲೆ ಎಲ್ಲರಿಗಿಂತ ಮುಂದೆ ಕೂತೆ.

“ಕಲಿಸಿ.”

ಅತ್ತೆ ಬಾಗಿಲಲ್ಲೇ ನಿಂತಿದ್ದರು. “ಕಲಿತು ಹೋಗ್ತೀಯಾ?”

“ಅದನ್ನ ಕಲಿತ ಮೇಲೆ ಹೇಳ್ತೀನಿ.”

ಕಲಿಸಿದರು. ಹೇಗೆ ಕಲಿಸಿದರು ಅನ್ನುವುದನ್ನು ಕೇಳಬೇಡಿ. ಚಾಕ್‌ಪೀಸ್ ನನ್ನ ಹಣೆಗೆ ಬಿದ್ದಷ್ಟು ಹಲಗೆಗೆ ಬೀಳಲಿಲ್ಲ. “ಕತ್ತೆಗಾದ್ರೂ ಇಷ್ಟು ಹೊತ್ತಿಗೆ ಬರ್ತಿತ್ತು” ಅನ್ನುವರು. “ಕತ್ತೆ ಹಾಗೆ ದುಡಿಸ್ಕೊಂಡ್ರಲ್ಲ, ಈಗ ಕತ್ತೆಗೇ ಕಲಿಸಿ” ಅನ್ನುವೆ. ಹೊರಗೆ ಜನ ಬಾಗಿಲು ಬಡಿದರೆ ಇಬ್ಬರೂ ಒಟ್ಟಿಗೆ, “ಆಮೇಲೆ ಬನ್ನಿ!” ಎಂದು ಕೂಗುತ್ತಿದ್ದೆವು. ನಮ್ಮಿಬ್ಬರಿಗೆ ಒಮ್ಮತ ಬಂದದ್ದು ಆ ಒಂದು ಮಾತಿನಲ್ಲಿ ಮಾತ್ರ.

ಈಗ ನಾನು ಓದುತ್ತೇನೆ. ಇದನ್ನು ಬರೆದವಳೂ ನಾನೇ. ಮಗಳು ಪುಸ್ತಕ ಹಿಡಿದು ಬಂದರೆ ಕೈ ಒರೆಸಿಕೊಂಡು ಕೂರುತ್ತೇನೆ, ಗೊತ್ತಿಲ್ಲದ ಪದ ಬಂದರೆ ಇಬ್ಬರೂ ಸೇರಿ ಒದ್ದಾಡುತ್ತೇವೆ. ಸಂಜೆ ಗ್ರಂಥಾಲಯಕ್ಕೆ ಹೋಗಿ ಅತ್ತೆಯ ಫೋಟೋದ ಕೆಳಗಿನ ಮೇಜಿನಲ್ಲೇ ಪೇಪರು ಬಿಡಿಸುತ್ತೇನೆ. ಎದುರಿಗೆ ಅತ್ತೆಯೂ ಒಂದು ಪೇಪರು ಹಿಡಿದು ಕೂರುತ್ತಾರೆ, ಆದರೆ ಹಾಳೆ ತಿರುಗಿಸುವುದಿಲ್ಲ. ಅವರ ಕಣ್ಣು ನನ್ನ ಕೈ ಮೇಲೆ. ಕೆಲಸದ ಜಾಹೀರಾತಿನ ಪುಟ ಬಂದ ಕೂಡಲೇ ಕೆಮ್ಮುತ್ತಾರೆ, ನೀರು ಕೇಳುತ್ತಾರೆ, ಹೊತ್ತಾಯಿತು ಅನ್ನುತ್ತಾರೆ.

ನಾನು ಆ ಪುಟವನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದುತ್ತೇನೆ. ಎಲ್ಲಿಗೂ ಹೋಗುವ ಯೋಚನೆ ನನಗಿಲ್ಲ. ಅದನ್ನು ಅತ್ತೆಗೆ ಇನ್ನೂ ಹೇಳಿಲ್ಲ.