ಗ್ರಂಥಾಲಯ ಸುತ್ತುತ್ತಿದ್ದ ಮಳೆರಾಯ

ಊರಿನವರು ಅವನನ್ನು ಮಳೆರಾಯ ಎಂದು ಕರೆಯುತ್ತಿದ್ದರು. ಕಸದ ಲಾರಿ ಓಡಿಸುತ್ತಿದ್ದಾಗ ಅವನಿಗೆ ಯಾವ ಅಡ್ಡಹೆಸರೂ ಇರಲಿಲ್ಲ. ಜನ ಮೂಗು ಮುಚ್ಚಿಕೊಂಡು ದಾರಿ ಬಿಡುತ್ತಿದ್ದರು, ಅಷ್ಟೇ. ಹೊಗೆ, ಧೂಳು ಮಿತಿಮೀರಿ ನಗರಸಭೆಯವರು ನೀರನ್ನು ಮಂಜಿನಂತೆ ಎರಚುವ ಲಾರಿಯೊಂದನ್ನು ತರಿಸಿದಾಗ, ಅದನ್ನು ಓಡಿಸುವ ಕೆಲಸ ಅವನ ಪಾಲಿಗೆ ಬಂತು. ಹಿಂಬದಿಯಲ್ಲಿ ಫಿರಂಗಿಯಂಥ ದೊಡ್ಡ ಕೊಳವೆ. ಗುಂಡಿ ಒತ್ತಿದರೆ ತುಂತುರು ಮನೆಗಳ ಮಹಡಿಯವರೆಗೂ ಚಿಮ್ಮುತ್ತಿತ್ತು. ಮಕ್ಕಳು ಬೇಕೆಂದೇ ನೆನೆಯಲು ಲಾರಿಯ ಹಿಂದೆ ಓಡಿ ಬರುತ್ತಿದ್ದರು. ಐವತ್ತು ದಾಟಿದ ಮೇಲೆ ಇಂಥ ಭಾಗ್ಯ ಬಂತಲ್ಲ ಎಂದು ಅವನು ಒಳಗೊಳಗೇ ಹಿಗ್ಗುತ್ತಿದ್ದ.

ಅವನ ಹೆಂಡತಿ ಮನೆಯಲ್ಲೇ ಕೂತು ಪರದೆ, ದಿಂಬಿನ ಚೀಲ ಹೊಲಿಯುತ್ತಿದ್ದಳು. ಅವಳಿಗೆ ಕೆಲವು ವರ್ಷಗಳಿಂದ ಉಬ್ಬಸ. ಮೆಷಿನ್ ತುಳಿಯುತ್ತಿದ್ದವಳು ಅರ್ಧಕ್ಕೇ ನಿಲ್ಲಿಸಿ, ಕಿಟಕಿಯ ಸರಳು ಹಿಡಿದುಕೊಂಡು ಉಸಿರು ಎಳೆದುಕೊಳ್ಳುತ್ತಿದ್ದಳು. ದೊಡ್ಡ ವೃತ್ತದಲ್ಲಿ ಗಾಳಿ ಎಷ್ಟು ಕೆಟ್ಟಿದೆಯೆಂದು ತೋರಿಸುವ ಬೋರ್ಡು ಬಂದ ಮೇಲೆ ಡಾಕ್ಟರು ಅವಳಿಗೊಂದು ಸುಲಭದ ದಾರಿ ಹೇಳಿಕೊಟ್ಟಿದ್ದರು: ಬೋರ್ಡು ಕೆಂಪಗಿದ್ದರೆ ಹೊಸ್ತಿಲು ದಾಟಬೇಡಿ, ಹಸಿರಿದ್ದರೆ ಧೈರ್ಯವಾಗಿ ನಡೆದಾಡಿ.

ಮೊದಮೊದಲು ಮಳೆರಾಯ ಊರೆಲ್ಲ ನೀರು ಹೊಡೆಯುತ್ತಿದ್ದ. ಬಿಸಿಲು ಏರತೊಡಗಿದಾಗ ಮೇಲ್ವಿಚಾರಕರು ಕರೆದು, ಇನ್ನು ಗ್ರಂಥಾಲಯದ ಸುತ್ತ ಮಾತ್ರ ಹೊಡೆದರೆ ಸಾಕು ಎಂದರು. ಪುಸ್ತಕಗಳಿಗೆ ಧೂಳು ಹಿಡಿಯಬಾರದೆಂದೇನೋ ಎಂದುಕೊಂಡು ಅವನು ಗಾಣದೆತ್ತಿನ ಹಾಗೆ ಅದೇ ಕಟ್ಟಡವನ್ನು ಸುತ್ತಿದ. ಸೋಜಿಗವೆಂಬಂತೆ ಬೋರ್ಡು ಹೆಚ್ಚುಕಡಿಮೆ ದಿನವೂ ಹಸಿರಾಗತೊಡಗಿತು. ಎಲ್ಲ ತನ್ನ ಕೈಗುಣ ಎಂದು ಬೀಗಿದ. ಲಾರಿ ಬದಿಗೆ ನಿಲ್ಲಿಸಿ, ಇವತ್ತು ಹಸಿರು, ಹೋಗಿ ಬಾ ಎಂದು ಹೆಂಡತಿಗೆ ಫೋನ್ ಮಾಡುತ್ತಿದ್ದ. ಅವಳು ಊರಂಚಿನಲ್ಲಿದ್ದ ತಂಗಿಯ ಮನೆಗೆ ನಡೆದೇ ಹೋಗಿ ಬರುತ್ತಿದ್ದಳು. ತಂಗಿಯ ಗಂಡ ಅಲ್ಲೇ ಡಾಂಬರು ಕಾಯಿಸುವ ಘಟಕದಲ್ಲಿ ಕೆಲಸಕ್ಕಿದ್ದ. ಅಕ್ಕತಂಗಿಯರು ಹರಟುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಹೆಂಡತಿಯ ಮುಖಕ್ಕೆ ಕಳೆ ಬಂತು.

ಅಂಥದೇ ಒಂದು ಹಸಿರು ಬೆಳಿಗ್ಗೆ ಅವಳು ತಂಗಿಯ ಬೀದಿಯ ತಿರುವಿನಲ್ಲಿ ಕುಸಿದು ಕೂತಳು. ಮಾತಾಡಲೂ ಉಸಿರು ಸಾಲದು. ತಂಗಿ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಸೇರಿಸಿದಳು. ಮಳೆರಾಯ ಒದ್ದೆ ಬಟ್ಟೆಯಲ್ಲೇ ಓಡಿ ಬಂದ.

"ಬೋರ್ಡು ನೋಡದೆ ಕಳಿಸಿದ್ರಾ?" ಎಂದು ಡಾಕ್ಟರು ಕೇಳಿದರು.

"ನೋಡಿದ್ದೆ ಸಾರ್. ಹಸಿರೇ ಇತ್ತು."

ಡಾಕ್ಟರು ಹುಬ್ಬು ಗಂಟಿಕ್ಕಿದರು. ಗ್ರಂಥಾಲಯದ ತಾರಸಿಯ ಮೇಲೆ ಗಾಳಿ ಅಳೆಯುವ ಪೆಟ್ಟಿಗೆ ಇದೆ, ಬೋರ್ಡಿಗೆ ಅಂಕಿ ಬರುವುದು ಅಲ್ಲಿಂದಲೇ, ಅದು ಕೆಟ್ಟಿರಬೇಕು ಎಂದರು. ದಿನವೂ ತಾನು ನೀರು ಹೊಡೆಯುತ್ತಿದ್ದದ್ದು ಆ ಪೆಟ್ಟಿಗೆಯ ಸುತ್ತಲೇ ಎಂದು ಮಳೆರಾಯನಿಗೆ ಆಗ ಹೊಳೆಯಿತು.

ಮರುದಿನ ಹೋಗಿ ಮೇಲ್ವಿಚಾರಕರನ್ನು ಕೇಳಿದ. ಅವರು ಸಿಟ್ಟಾಗುತ್ತಾರೆ ಎಂದುಕೊಂಡಿದ್ದ. ಅವರು ಕುರ್ಚಿ ತೋರಿಸಿ ಕೂರಿಸಿಕೊಂಡರು.

"ನೀನು ನೀರು ಹೊಡೆದಾಗ ಅಲ್ಲಿ ಧೂಳು ಕೂರುತ್ತೋ ಇಲ್ವೋ?"

"ಕೂರುತ್ತೆ ಸಾರ್."

"ಅಲ್ಲಿ ಗಾಳಿ ಚೊಕ್ಕವಾಗುತ್ತೆ. ಪೆಟ್ಟಿಗೆ ಅದನ್ನೇ ಹೇಳುತ್ತೆ. ಇದರಲ್ಲಿ ಸುಳ್ಳು ಎಲ್ಲಿದೆ, ತೋರಿಸು."

ಮಳೆರಾಯ ಎಷ್ಟು ತಲೆ ಕೆರೆದುಕೊಂಡರೂ ಸುಳ್ಳು ಎಲ್ಲಿದೆಯೆಂದು ಕೈಗೆ ಸಿಗಲಿಲ್ಲ. ಇದೆ ಎಂದು ಮಾತ್ರ ಅನ್ನಿಸುತ್ತಿತ್ತು, ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ.

ಹೆಂಡತಿ ಮನೆಗೆ ಬಂದ ಮೇಲೆ ಅವಳಿಗೆ ಎಲ್ಲ ಹೇಳಿದ. ಅವಳು ಬಯ್ಯಲಿಲ್ಲ. ಹೊಲಿಗೆ ಬದಿಗಿಟ್ಟಳು.

"ಅಲ್ಲಾ ರೀ, ಹಸಿರು ಅಂದ ದಿನ ನನಗೆ ನಿಜವಾಗ್ಲೂ ಹಗುರ ಅನ್ನಿಸ್ತಿತ್ತು. ಹಾಗಾದ್ರೆ ಅದೇನು?"



ಮುಂದಿನ ವಾರ ಒಂದು ಬೆಳಿಗ್ಗೆ ಅವನು ಲಾರಿಗೆ ನೀರು ತುಂಬಿಸಿಕೊಂಡು, ಯಾರನ್ನೂ ಕೇಳದೆ, ನಾದಿನಿಯ ಬೀದಿಗೆ ತಿರುಗಿಸಿಬಿಟ್ಟ. ಅಲ್ಲಿಂದ ತನ್ನ ಬೀದಿಗೆ. ಉಪಕಾರ ಮಾಡುತ್ತಿದ್ದೇನೆ ಎಂದೇ ಅವನು ತಿಳಿದಿದ್ದ. ಒಣಹಾಕಿದ ಬಟ್ಟೆಯೆಲ್ಲ ತೊಯ್ದು ಹೆಂಗಸರು ಬಾಲ್ಕನಿಯಿಂದಲೇ ಶಾಪ ಹಾಕಿದರು. ಆಗತಾನೇ ಗೋಡೆಗೆ ಬಣ್ಣ ಬಳಿದಿದ್ದ ಪೇಂಟರ್ ಕುಂಚ ಹಿಡಿದುಕೊಂಡೇ ಲಾರಿಯ ಹಿಂದೆ ಓಡಿ ಬಂದ. ಅತ್ತ ವೃತ್ತದಲ್ಲಿ ಬೋರ್ಡು ಕೆಂಡದಂತಾಯಿತು. ಶಾಲೆಗಳಲ್ಲಿ ಆಟ ನಿಂತಿತು. ಬೋರ್ಡು ಕೆಂಪಾದರೆ ಹೊಗೆ ಬಿಡುವವರೆಲ್ಲ ಬೆಂಕಿ ಆರಿಸಬೇಕೆಂಬ ನಿಯಮವೊಂದಿತ್ತು. ಅದರಂತೆ ಡಾಂಬರು ಘಟಕವೂ ಬಾಗಿಲು ಹಾಕಿತು. ಅಲ್ಲಿ ಕೆಲಸಕ್ಕಿದ್ದ ಷಡ್ಡಕ ಕೈಕಟ್ಟಿ ಮನೆಯಲ್ಲಿ ಕೂತ.

ಬೋರ್ಡು ಕೆಂಪಗಿದ್ದ ಆ ಒಂದೆರಡು ದಿನ ಹೆಂಡತಿ ಒಮ್ಮೆಯೂ ನಿಲ್ಲಿಸದೆ ಮೆಷಿನ್ ತುಳಿದಳು. ನೀರು ಎರಚಿದ್ದಕ್ಕೋ, ಘಟಕ ಮುಚ್ಚಿದ್ದಕ್ಕೋ, ಗಾಳಿ ದಿಕ್ಕು ಬದಲಿಸಿತ್ತೋ, ಹೊಸ ಮಾತ್ರೆಯ ಗುಣವೋ? ಮಳೆರಾಯ ಡಾಕ್ಟರ ಹತ್ತಿರ ಹೋಗಿ, ನಡೆದದ್ದೆಲ್ಲ ಹೇಳಿ ಕೇಳಿದ. ಎಲ್ಲ ಸೇರಿಯೂ ಇರಬಹುದು, ಯಾವುದೂ ಅಲ್ಲದೆಯೂ ಇರಬಹುದು ಎಂದರು ಅವರು. ಹಾಗಾದರೆ ಹೊರಗೆ ಹೋಗುವುದೋ ಬೇಡವೋ ಎಂದು ತಿಳಿಯುವುದು ಹೇಗೆ ಎಂದ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಾನೂ ನಮ್ಮ ತಾಯಿನ ಆ ಬೋರ್ಡು ನೋಡೇ ವಾಕಿಂಗ್‌ಗೆ ಕಳಿಸ್ತಿದ್ದೆ ಮಾರಾಯ."

ಅವನನ್ನು ಮಂಜಿನ ಲಾರಿಯಿಂದ ತೆಗೆದು ಮತ್ತೆ ಕಸದ ಲಾರಿಗೆ ಹಾಕಿದರು. ಬೇರೆ ಚಾಲಕ ಬಂದ, ಬೋರ್ಡು ಮತ್ತೆ ಹಸಿರಾಯಿತು, ಘಟಕ ಮತ್ತೆ ಹೊಗೆಯಾಡಿತು. ತಾನು ಮಾಡಿದ್ದು ಸರಿಯೋ ತಪ್ಪೋ ಎಂದು ಅವನು ಹೆಂಡತಿಯನ್ನು ಕೇಳಿದರೆ, ಅವಳು ಒಂದು ದಿನ ಸರಿ ಎನ್ನುತ್ತಿದ್ದಳು, ಇನ್ನೊಂದು ದಿನ ಗಂಡನ ಕೂಲಿ ಹೋಯಿತೆಂದು ತಂಗಿ ಮುನಿಸಿಕೊಂಡಿದ್ದಾಳೆ ಎಂದು ಕಣ್ಣೊರೆಸಿಕೊಳ್ಳುತ್ತಿದ್ದಳು.

ಒಂದು ಭಾನುವಾರ ಷಡ್ಡಕನೇ ಮನೆಗೆ ಬಂದ. ಮುಖ ಬಿಗಿದುಕೊಂಡಿದ್ದ. ಹೆಂಡತಿಯ ಅಕ್ಕ ಕೊಟ್ಟ ಟೀಯನ್ನು ಮುಟ್ಟದೆ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು, ಲೋಟದ ಅಂಚನ್ನೇ ನೋಡುತ್ತಿದ್ದ.

"ಭಾವ, ನಿಮ್ಮಿಂದ ನನ್ನ ಕೆಲಸ ನಿಂತೋಯ್ತು ಅಂತ ಚೆನ್ನಾಗಿ ಬಯ್ದು ಹೋಗೋಣ ಅಂತ ಬಂದೆ," ಎಂದ. "ಆದ್ರೆ ಆ ದಿನಗಳಲ್ಲಿ ನನಗೂ ಕೆಮ್ಮು ಬರಲಿಲ್ಲ. ಈಗ ಏನಂತ ಬಯ್ಯೋದು ಅಂತಾನೇ ಗೊತ್ತಾಗ್ತಿಲ್ಲ."

ಮಳೆರಾಯ ಒಳಗಿನಿಂದ ಕುರ್ಚಿ ತಂದು ಅವನ ಪಕ್ಕದಲ್ಲಿ ಹಾಕಿಕೊಂಡ. ಟೀ ಆರುತ್ತಿತ್ತು. ಇಬ್ಬರೂ ಬೀದಿ ನೋಡುತ್ತ ಕೂತರು.