ಮೇಲಿನಮ್ಮನ ನೀರಿನ ಬಾಟಲಿ

ನಾವು ಕಟ್ಟುತ್ತಿದ್ದ ಆ ದೊಡ್ಡ ಕಟ್ಟಡದಲ್ಲಿ ಎಲ್ಲರಿಗಿಂತ ಎತ್ತರದಲ್ಲಿ ಕೂರುತ್ತಿದ್ದವಳು ಒಬ್ಬ ಹೆಂಗಸು. ಟವರ್ ಕ್ರೇನಿನ ತುದಿಯ ಗಾಜಿನ ಕ್ಯಾಬಿನ್ನಿನಲ್ಲಿ ಕೂತು, ಕಬ್ಬಿಣದ ಕಂಬಿಯ ಕಟ್ಟು, ಕಾಂಕ್ರೀಟಿನ ಬಕೆಟ್ಟು ಎಲ್ಲವನ್ನೂ ಹೂವಿನ ಹಾಗೆ ಎತ್ತಿ ಹೂವಿನ ಹಾಗೆ ಇಳಿಸುತ್ತಿದ್ದಳು. ಅವಳ ಹೆಸರು ಹಾಜರಿ ಹಾಕುವವನನ್ನು ಬಿಟ್ಟು ಯಾರಿಗೂ ಬೇಕಿರಲಿಲ್ಲ. ಎಲ್ಲರಿಗೂ ಅವಳು ಮೇಲಿನಮ್ಮ. ಕೆಳಗೆ ನಿಂತು, ಎಡಕ್ಕೆ, ಬಲಕ್ಕೆ, ನಿಧಾನ, ಸಾಕು ಎಂದು ವಾಕಿಟಾಕಿಯಲ್ಲಿ ಅವಳಿಗೆ ದಾರಿ ಹೇಳುವ ಕೆಲಸ ನನ್ನದು. ಕೈಯಲ್ಲಿ ಕೆಂಪು ಬಾವುಟವೂ ಇರುತ್ತಿತ್ತು, ಹಾಗಾಗಿ ನಾನು ಅವಳಿಗೆ ಬಾವುಟದಣ್ಣ.

ಅವಳನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗಲೇ ಮ್ಯಾನೇಜರ್ ಮೂಗು ಮುರಿದಿದ್ದರು. "ನೋಡಮ್ಮ, ಕಾಂಕ್ರೀಟು ಯಾರಿಗೂ ಕಾಯಲ್ಲ. ನೀನು ಗಂಟೆಗೊಂದು ಸಲ ಇಳಿದು ಹತ್ತಿ ಮಾಡಿದ್ರೆ ಬಕೆಟ್ಟಲ್ಲೇ ಕಲ್ಲಾಗುತ್ತೆ. ಹಾಗೇನಾದ್ರೂ ಆದ್ರೆ ನಿನ್ನನ್ನ ಸ್ಟೋರಿಗೆ ಹಾಕಿ, ಮೇಲೆ ಗಂಡಸನ್ನ ಕೂರಿಸ್ತೀನಿ." ಗಂಡಸು ಆಪರೇಟರುಗಳ ಗುಟ್ಟು ನನಗೆ ಚೆನ್ನಾಗಿ ಗೊತ್ತು. ಅವರು ಕ್ಯಾಬಿನ್ನಿನಲ್ಲಿ ಒಂದು ಖಾಲಿ ಪ್ಲಾಸ್ಟಿಕ್ ಬಾಟಲಿ ಇಟ್ಟುಕೊಂಡಿರುತ್ತಾರೆ. ಸಂಜೆ ಅದು ಖಾಲಿ ಇರುವುದಿಲ್ಲ. ಕರ್ತವ್ಯನಿಷ್ಠೆ ಎಂದು ಮ್ಯಾನೇಜರ್ ಹಾಡಿ ಹೊಗಳುತ್ತಿದ್ದದ್ದು ಆ ಬಾಟಲಿಯನ್ನೇ.

ಮೇಲಿನಮ್ಮನಿಗೆ ಆ ಸೌಕರ್ಯ ಇರಲಿಲ್ಲ. ಅಷ್ಟುದ್ದ ಏಣಿ ಇಳಿದು, ಕೆಸರು ದಾಟಿ, ಗೇಟಿನ ಆಚೆ ಕೂಲಿಯವರಿಗೆಂದು ಕಟ್ಟಿದ ಟಾಯ್ಲೆಟ್ಟಿಗೆ ಮೂಗು ಮುಚ್ಚಿಕೊಂಡು ಹೋಗಬೇಕು, ಬಂದು ಮತ್ತೆ ಅಷ್ಟೂ ಹತ್ತಬೇಕು. ಎಂಜಿನಿಯರುಗಳಿಗೆ ಮಾತ್ರ ಆಫೀಸಿನ ಹಿಂದೆಯೇ ನೀಲಿ ಬಣ್ಣದ ಕಬ್ಬಿಣದ ಡಬ್ಬವೊಂದು ಇತ್ತು. ಒಳಗೆ ಕಮೋಡು, ಕನ್ನಡಿ, ಕೈ ತೊಳೆಯುವ ಬೇಸಿನ್ನು. ತಳದಲ್ಲಿ ಅದರದೇ ಟ್ಯಾಂಕು. ಬಾಗಿಲ ಮೇಲೆ 'ಸಿಬ್ಬಂದಿಗೆ ಮಾತ್ರ' ಎಂಬ ಬೋರ್ಡು. ಸಾಲದ್ದಕ್ಕೆ, ಇಳಿಯುವವರು ಯಾಕೆ ಇಳಿಯುತ್ತೇವೆ ಎಂದು ವಾಕಿಟಾಕಿಯಲ್ಲಿ ಹೇಳಿಯೇ ಇಳಿಯಬೇಕೆಂಬುದು ಅಲ್ಲಿನ ಪದ್ಧತಿ. ನಮ್ಮ ವಾಕಿಟಾಕಿಗಳೆಲ್ಲ ಒಂದೇ ಚಾನೆಲ್ಲು. ಅವಳು ಕೆಮ್ಮಿದರೂ ಮ್ಯಾನೇಜರಿಂದ ಹಿಡಿದು ಗೇಟಿನ ವಾಚ್‌ಮನ್ ತನಕ ಎಲ್ಲರಿಗೂ ಕೇಳುತ್ತಿತ್ತು. ಅಷ್ಟು ಜನ ಗಂಡಸರ ಕಿವಿಯಲ್ಲಿ ಆ ಮಾತು ಹಾಕುವುದಕ್ಕಿಂತ ಸಾಯುವುದೇ ವಾಸಿ ಎಂದುಕೊಂಡಳು ಮೇಲಿನಮ್ಮ.

ಅದಕ್ಕೆ ಬಲು ಸುಲಭದ ಉಪಾಯ ಕಂಡುಕೊಂಡಳು: ನೀರು ಕುಡಿಯುವುದನ್ನೇ ಬಿಟ್ಟಳು. ಬೆಳಿಗ್ಗೆ ಹತ್ತಿದರೆ ಊಟದ ಹೊತ್ತಿಗೇ ಇಳಿಯುವುದು, ಊಟ ಮುಗಿಸಿ ಹತ್ತಿದರೆ ಸಂಜೆಗೇ. ಮ್ಯಾನೇಜರಿಗೆ ಖುಷಿಯೋ ಖುಷಿ. ವರ್ಷದ ಕೊನೆಗೆ ಎಲ್ಲರನ್ನೂ ಸೇರಿಸಿ ಅವಳಿಗೊಂದು ಬಹುಮಾನ ಕೊಟ್ಟರು. ಏನು ಬಹುಮಾನ ಅಂತೀರಿ? ಸ್ಟೀಲಿನ ನೀರಿನ ಬಾಟಲಿ. ನಾವೆಲ್ಲ ಕೈ ನೋಯುವ ಹಾಗೆ ಚಪ್ಪಾಳೆ ತಟ್ಟಿದೆವು, ತಲೆ ಇದ್ದವನು ಅಲ್ಲಿ ಒಬ್ಬನೂ ಇರಲಿಲ್ಲ. ಬಾಟಲಿ ಕ್ಯಾಬಿನ್ನಿನ ಮೂಲೆಯಲ್ಲಿ ಪ್ಲಾಸ್ಟಿಕ್ ಕವರಿನ ಸಮೇತ ಕೂತಿತು.

ಆಮೇಲೆ ಉರಿ ಶುರುವಾಯಿತು. ಇದನ್ನೆಲ್ಲ ಅವಳೇ ಮುಂದೆ ನನಗೆ ಹೇಳಿದ್ದು. ಹೋದರೆ ನಾಲ್ಕು ಹನಿ, ಅದೂ ಮೆಣಸಿನಪುಡಿ ಎರಚಿದ ಹಾಗೆ. ಮುಗಿಸಿ ಎದ್ದರೆ ಮತ್ತೆ ಬಂದಂತೆ. ಮೂತ್ರ ಅಕ್ಕಿ ತೊಳೆದ ನೀರಿನ ಹಾಗೆ ಕದಡಿತ್ತು, ಮೇಲೆ ಕೆಟ್ಟ ನಾತ. ಅತ್ತೆ, "ಉಷ್ಣ ಕಣೇ, ಸೂರ್ಯನ ಪಕ್ಕದಲ್ಲೇ ಕೂತ್ಕೋತೀಯಲ್ಲ, ಇನ್ನೇನಾಗುತ್ತೆ" ಎಂದು ಹೊಟ್ಟೆಗೆ ಒದ್ದೆ ಬಟ್ಟೆ ಹಾಕಿದರು. ಗಂಡ ಬಸ್ಸು ರಿಪೇರಿ ಮಾಡುವವನು, "ಎಲ್ಲೋ ಪೈಪು ಕಟ್ಕೊಂಡಿರ್ಬೇಕು" ಎಂದು ತನಗೆ ತಿಳಿದದ್ದನ್ನು ಹೇಳಿದ. ನಾದಿನಿ ಹಿಂದೆ ತನಗೆ ಹೀಗೇ ಆಗಿದ್ದಾಗ ಉಳಿದಿದ್ದ ಮಾತ್ರೆಗಳನ್ನು ಕಪಾಟಿನಿಂದ ತೆಗೆದುಕೊಟ್ಟಳು. ಒಂದೆರಡು ದಿನ ನುಂಗಿದಳು, ಉರಿ ನಿಂತಿತು, ಮಿಕ್ಕಿದ್ದು ಮತ್ತೆ ಕಪಾಟಿಗೆ ಹೋಯಿತು. ಮನೆಗಳಲ್ಲಿ ಹಳೇ ಅಂಗಿಯ ಗುಂಡಿಗಳನ್ನು ಎತ್ತಿಡುವ ಹಾಗೆ ಮಾತ್ರೆಗಳನ್ನೂ ಎತ್ತಿಡುತ್ತೇವಲ್ಲ, ಹಾಗೆ. ಉರಿ ಮತ್ತೆ ಬಂತು, ಮಾತ್ರೆ ಮತ್ತೆ ಹೊರಗೆ ಬಂತು.

ಒಂದು ಬೆಳಿಗ್ಗೆ ಕಂಬಿಯ ಕಟ್ಟು ಗಾಳಿಯಲ್ಲಿ ನೇತಾಡುತ್ತಿರುವಾಗ ವಾಕಿಟಾಕಿಯಲ್ಲಿ ಹಲ್ಲು ಕಟಕಟ ಅನ್ನುವ ಸದ್ದು ಕೇಳಿತು.

"ಬಾವುಟದಣ್ಣ, ಇವತ್ತು ಕೆಳಗೆ ಇಬ್ಬರು ನಿಂತಿದೀರಾ?"

ನಿಂತಿದ್ದವನು ನಾನೊಬ್ಬನೇ. ಸುತ್ತ ಇದ್ದವರನ್ನೆಲ್ಲ ಬೈದು ದೂರ ಓಡಿಸಿದೆ. "ತಂಗಿ, ಏನೂ ನೋಡ್ಬೇಡ. ನಾನು ಹೇಳೋದಷ್ಟೇ ಕೇಳು. ನಿಧಾನ. ಇನ್ನೂ ನಿಧಾನ. ಸಾಕು." ಕಟ್ಟು ನೆಲ ಮುಟ್ಟಿತು. ಅದು ಮುಟ್ಟಿದ ಮೇಲೇ ಅವಳು ಕ್ರೇನಿನ ಹಿಡಿ ಬಿಟ್ಟು ವಾಂತಿ ಮಾಡಿಕೊಂಡದ್ದು. ಅದನ್ನೂ ಎಲ್ಲರೂ ಕೇಳಿಸಿಕೊಂಡೆವು. ಬೆಲ್ಟು ಬಿಗಿದು ಅವಳನ್ನು ಕೆಳಗಿಳಿಸಿದಾಗ ಮೈ ಕಾದ ಹೆಂಚಾಗಿತ್ತು, ಆದರೂ ಗಡಗಡ ನಡುಗುತ್ತಿದ್ದಳು.

ಆಸ್ಪತ್ರೆಯ ಡಾಕ್ಟರಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ. ಬೆನ್ನಿನ ಪಕ್ಕೆಯ ಹತ್ತಿರ ಮೆಲ್ಲಗೆ ತಟ್ಟಿದರು, ಮೇಲಿನಮ್ಮ ಚೀರಿದಳು. ಗಂಡ "ಉಷ್ಣ ಅಂದ್ಕೊಂಡಿದ್ವಿ" ಅಂದದ್ದೇ ತಡ, ಶುರುವಾಯಿತು.

"ಉಷ್ಣ ಅಲ್ಲ ಕಣ್ರೀ, ಸೋಂಕು! ಹೆಂಗಸರ ಮೂತ್ರದ ದಾರಿ ಗಿಡ್ಡ, ಕೀಟಾಣು ಸುಲಭವಾಗಿ ಒಳಗೆ ಹೋಗುತ್ತೆ. ನೀರು ಕುಡಿದು ಆಗಾಗ ಹೋಗ್ತಿದ್ರೆ ಕೊಚ್ಕೊಂಡು ಆಚೆ ಬರುತ್ತೆ. ಇವಳು ಕಟ್ಕೊಂಡು ಕೂತು ಸಾಕಿದಾಳೆ. ಅರ್ಧಂಬರ್ಧ ಮಾತ್ರೆ ನುಂಗಿ, ಸಾಯದೆ ಉಳಿದ ಗಟ್ಟಿಪಿಂಡಗಳನ್ನ ಬೆಳೆಸಿದಾಳೆ. ಈಗ ಅವು ಏಣಿ ಹತ್ತಿ ಕಿಡ್ನಿಗೆ ಹೋಗಿವೆ. ರಕ್ತಕ್ಕೂ ಸೇರಿದ್ರೆ ಜೀವಕ್ಕೇ ಕುತ್ತು, ಗೊತ್ತಾ?" ಆಮೇಲೆ ಅವಳ ಕಡೆ ತಿರುಗಿ ದನಿ ತಗ್ಗಿಸಿದರು. "ಹೀಗೇ ಮಾಡ್ಕೊಳ್ತಾ ಹೋದ್ರೆ ಕಿಡ್ನಿ ಕೆಡುತ್ತಮ್ಮ. ನೀರು ಕುಡೀಬೇಕು, ಬಂದಾಗ ಹೋಗ್ಬೇಕು. ಆಗಲ್ಲ ಅಂದ್ರೆ ಆ ಕೆಲಸ ಬಿಡು."

ಮೇಲಿನಮ್ಮ ಅತ್ತಳು. ಕಿಡ್ನಿಗಾಗಿ ಅಲ್ಲ. ನಾನು ನೋಡಲು ಹೋದಾಗ ಹೇಳಿದಳು, "ಕೆಳಗಿದ್ರೆ ಎಲ್ರೂ ನನ್ನ ಲೇ, ಬಾರೇ ಅಂತಾರೆ ಬಾವುಟದಣ್ಣ. ಮೇಲೆ ಕೂತ್ರೆ ಮ್ಯಾನೇಜರೂ ಕತ್ತೆತ್ತಿ ಮಾತಾಡ್ಬೇಕು. ಅದನ್ನ ಹೆಂಗೆ ಬಿಡ್ಲಿ?" ನನಗೆ ಮೈಯೆಲ್ಲ ಉರಿಯಿತು. ಒಂದು ಲೋಟ ನೀರಿಗೂ ಒಂದು ಕುರ್ಚಿಗೂ ನಡುವೆ ಒಂದನ್ನು ಆರಿಸಿಕೋ ಅನ್ನುವುದು ಯಾವ ಸೀಮೆಯ ನ್ಯಾಯ?

ಈ ಸಲ ಡಾಕ್ಟರಮ್ಮ ಬರೆದುಕೊಟ್ಟ ಮಾತ್ರೆಗಳನ್ನು ಕಡೆಯದರ ತನಕ ನುಂಗಿದಳು. ಕೆಲಸಕ್ಕೆ ಮರಳಿದ ದಿನ ನೇರ ಆಫೀಸಿಗೆ ಹೋದಳು, ಜೊತೆಗೆ ನಾನೂ.

"ಸಾರ್, ಕ್ರೇನಿನ ಬುಡದಲ್ಲಿ ಒಂದು ಟಾಯ್ಲೆಟ್ ಬೇಕು."

"ಪ್ಲಾನಲ್ಲಿ ಇಲ್ಲಮ್ಮ."

"ನಿಮ್ಮ ನೀಲಿ ಡಬ್ಬ ಇದೆಯಲ್ಲ ಸಾರ್."

ಮ್ಯಾನೇಜರ್ ಹೊಟ್ಟೆ ಕುಣಿಸಿ ನಕ್ಕರು. "ಅದು ಇಲ್ಲಿದೆ, ನಿನ್ನ ಕ್ರೇನು ಅಲ್ಲಿದೆ. ಅದನ್ನೇನು ಎತ್ತಿ ನಿನ್ನ ಹತ್ರ ತರೋಕಾಗುತ್ತಾ?"

ಯಾರ ಮುಂದೆ ಏನು ಕೇಳಬಾರದೋ ಅದನ್ನೇ ಕೇಳಿದ್ದರು ಪುಣ್ಯಾತ್ಮರು. ಮೇಲಿನಮ್ಮ ಕಿಟಕಿಯಾಚೆ ಡಬ್ಬದ ಚಾವಣಿಯ ನಾಲ್ಕು ಮೂಲೆಯಲ್ಲಿದ್ದ ಕಬ್ಬಿಣದ ಬಳೆಗಳನ್ನೇ ನೋಡುತ್ತಿದ್ದಳು.

ಮರುದಿನದ ಮೊದಲ ಲೋಡಿಗೆ ಹುಕ್ಕು ಕಂಬಿಯ ಕಡೆ ಹೋಗದೆ ಆಫೀಸಿನ ಹಿಂದಕ್ಕೆ ತಿರುಗಿತು. ನೀರಿನ ಪೈಪನ್ನು ಪ್ಲಂಬರ್ ಆಗಲೇ ಬಿಚ್ಚಿಟ್ಟಿದ್ದ. ಅವನ ಮನೆಯಲ್ಲೂ ಹೆಂಡತಿ ಇದ್ದಾಳೆ.

"ಒಳಗೆ ಯಾರೂ ಇಲ್ಲ ತಾನೆ ಬಾವುಟದಣ್ಣ?"

ಬಾಗಿಲು ತೆಗೆದು ನೋಡಿದೆ. ಕಮೋಡಿನ ಮುಚ್ಚಳವನ್ನೂ ಹಾಕಿ, ಸರಪಳಿ ಸಿಕ್ಕಿಸಿ, "ಎತ್ತು" ಅಂದೆ. ಡಬ್ಬ ಎದ್ದಿತು. ನೇತಾಡುವ ಲೋಡಿನ ಕೆಳಗೆ ನಿಲ್ಲಬಾರದು ಎಂದು ನಾನು ದಿನಾ ಗಂಟಲು ಹರಿದುಕೊಳ್ಳುತ್ತಿದ್ದೆ, ಒಬ್ಬರೂ ಕೇಳುತ್ತಿರಲಿಲ್ಲ. ಎಂಜಿನಿಯರುಗಳ ತುಂಬಿದ ಟ್ಯಾಂಕು ತಲೆಯ ಮೇಲೆ ಹಾದುಹೋದ ಆ ಬೆಳಿಗ್ಗೆ ಯಾರಿಗೂ ಹೇಳಬೇಕಾಗಲಿಲ್ಲ. ಕ್ರೇನಿನ ಬುಡದಲ್ಲಿ ಅದು ಒಂದು ಹನಿಯೂ ಚೆಲ್ಲದೆ ಕೂತಿತು.

ಮ್ಯಾನೇಜರ್ ಹೊರಗೆ ಬಂದು ಖಾಲಿ ನೆಲವನ್ನೇ ನೋಡಿದರು. ವಾಕಿಟಾಕಿಯಲ್ಲಿ ಕೂಗಿದರು, "ಯಾರು ಹೇಳಿದ್ದು ನಿಂಗೆ ಇದನ್ನ ಮಾಡು ಅಂತ?"

"ಎತ್ತಿ ತರೋಕಾಗುತ್ತಾ ಅಂತ ಕೇಳಿದ್ರಲ್ಲ ಸಾರ್. ಆಗುತ್ತೆ."

ವಾಪಸ್ ಇಡಿಸೋಣವೆಂದರೆ ಗೇಟಿನಲ್ಲಿ ಕಾಂಕ್ರೀಟಿನ ಲಾರಿ ಬಂದು ನಿಂತಿತ್ತು. ಕಾಂಕ್ರೀಟು ಯಾರಿಗೂ ಕಾಯುವುದಿಲ್ಲ. ಮ್ಯಾನೇಜರ್ ಹಲ್ಲು ಕಚ್ಚಿಕೊಂಡು, ಆವತ್ತಿನ ಮಟ್ಟಿಗೆ ತಮ್ಮ ಕೆಲಸಕ್ಕೂ ಕ್ರೇನಿನ ಬುಡಕ್ಕೇ ನಡೆದುಕೊಂಡು ಬಂದರು.

ಅವರು ಡಬ್ಬದ ಬಾಗಿಲಿಗೆ ಕೈ ಹಾಕುವ ಹೊತ್ತಿಗೆ ಮೇಲೆ ಸ್ಟೀಲಿನ ಬಾಟಲಿ ಬಿಸಿಲಿಗೆ ಹೊಳೆಯಿತು. ಮೇಲಿನಮ್ಮ ಅದನ್ನು ಪೂರ್ತಿ ಬಗ್ಗಿಸಿ ಕುಡಿದಳು. ಆಮೇಲೆ ಎಲ್ಲರ ವಾಕಿಟಾಕಿಯಲ್ಲೂ ಅವಳು ಗಂಟಲು ಸರಿಮಾಡಿಕೊಂಡದ್ದು ಕೇಳಿತು.

"ಮೇಲಿಂದ ಮಾತಾಡ್ತಿದೀನಿ. ಉಚ್ಚೆ ಹೊಯ್ಯೋಕೆ ಇಳೀತಿದೀನಿ. ಬಕೆಟ್ಟು ಕಾಯಲಿ."

ಯಾರೂ ನಗಲಿಲ್ಲ. ಮ್ಯಾನೇಜರ್ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದು ನಿಂತರು. ನಾನು ಕೆಂಪು ಬಾವುಟ ಎತ್ತಿ ಕೆಲಸ ನಿಲ್ಲಿಸಿದೆ.